ಎಂಬತ್ತೆಂಟನೆಯ ಬೆಸುಗೆ

ಬೆರಳಕ್ಕ ಪುಕ್ಕಲು ಹೆಂಗಸು ಎನ್ನುವುದು ಹಳಿಯ ಕೆಲಸದವರಿಗೆಲ್ಲ ಗೊತ್ತಿದ್ದ ಸಂಗತಿ. ಲಿಫ್ಟು ಹತ್ತಳು, ಆರು ಮಹಡಿಯಾದರೂ ಏದುಸಿರು ಬಿಡುತ್ತ ಮೆಟ್ಟಿಲಲ್ಲೇ ಹೋಗುವಳು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಮೊದಲು ಎದೆ ಹಿಡಿದುಕೊಂಡು ಆಮೇಲೆ ಫೋನು ಹಿಡಿಯುವಳು. ಬಾಗಿಲಿಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಇನ್ನೊಮ್ಮೆ ಜಗ್ಗುವಳು. ಇಷ್ಟೇ ಆಗಿದ್ದರೆ ಇಂಥವರೂ ಇರುತ್ತಾರೆ ಬಿಡಿ ಅನ್ನಬಹುದಿತ್ತು. ಆದರೆ ಇಪ್ಪತ್ತೇಳು ವರ್ಷ ಹಳಿಯ ಮೇಲೆಯೇ ಅನ್ನ ದುಡಿದ ಹೆಂಗಸು ರೈಲಿಗೇ ಹೆದರುತ್ತಾಳೆ ಅಂದರೆ ನಗದೆ ಇರಲು ಯಾರಿಂದ ಸಾಧ್ಯ? ಗಾಡಿ ದೂರದಲ್ಲಿ ಕಂಡಾಗ ಉಳಿದವರು ಎರಡು ಮಾರು ಸರಿದು ನಿಂತರೆ ಇವಳು ಇಪ್ಪತ್ತು ಮಾರು ಓಡಿ ನಿಲ್ಲುವಳು. ಯಾವ ಊರಿಗೆ ಹೋಗಬೇಕಾದರೂ ಬಸ್ಸೇ.

ನಗುವವರಿಗೆ ಕಾರಣವೂ ಗೊತ್ತಿತ್ತು, ಆದ್ದರಿಂದ ಎದುರಿಗೆ ನಗುತ್ತಿರಲಿಲ್ಲ. ಅವಳ ಗಂಡ ಹಳೆಯ ಮಾರ್ಗದಲ್ಲಿ ಹಳಿ ರಿಪೇರಿಯ ಕೆಲಸದಲ್ಲಿದ್ದವನು. ಗಾಳಿ ಜೋರಾಗಿದ್ದ ಒಂದು ಬೆಳಿಗ್ಗೆ ಒಂದು ಗಾಡಿಗೆ ದಾರಿ ಬಿಡಲು ಪಕ್ಕದ ಹಳಿಗೆ ಸರಿದ. ಆ ಹಳಿಯ ಮೇಲೆ ಇನ್ನೊಂದು ಬಂತು. ಗಾಳಿಯಲ್ಲಿ ಸದ್ದು ಕೇಳಿಸಲಿಲ್ಲ. ಮಗಳಿಗೆ ಆಗ ಎರಡು ವರ್ಷ. ಗಂಡನ ಕೆಲಸವನ್ನು ಹೆಂಡತಿಗೆ ಕೊಟ್ಟರು, ಬೇಡ ಎನ್ನುವ ಸ್ಥಿತಿಯಲ್ಲಿ ಅವಳು ಇರಲಿಲ್ಲ. ಮೊದಲನೆಯ ದಿನ ಕೈಗೆ ಕೆಂಪು ಬಾವುಟ ಕೊಟ್ಟು ನಿಲ್ಲಿಸಿದಾಗ ಬಾವುಟ ಗಾಳಿಯಿಲ್ಲದೆಯೇ ಹಾರುತ್ತಿತ್ತಂತೆ, ಕೈ ಅಷ್ಟು ನಡುಗುತ್ತಿತ್ತು. ಈ ಮಾತನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಆಗ ಅಲ್ಲೊಬ್ಬ ಮುದುಕ ಮೇಸ್ತ್ರಿ ಇದ್ದ. ಎರಡು ಹಳಿಗಳ ತುದಿಗಳ ನಡುವೆ ಕಾದ ಲೋಹ ಸುರಿದು ಬೆಸೆದು, ಉಬ್ಬಿದ್ದನ್ನು ಗ್ರೈಂಡರಿನಲ್ಲಿ ಉಜ್ಜಿ ಸಮ ಮಾಡುವುದು ಅವನ ಕಸುಬು. ಈ ಹೆದರುಪುಕ್ಕಲಿಗೆ ಬಾವುಟ ಸರಿಹೋಗದು ಎಂದು ಕಂಡ ಅವನು ಅವಳನ್ನು ಬೆಸುಗೆಯ ಪಕ್ಕ ಕೂರಿಸಿಕೊಂಡ. ಒಂದೆರಡು ವರ್ಷ ಗ್ರೈಂಡರ್ ಹಿಡಿಸಿದ. ಆಮೇಲೊಂದು ದಿನ ಕೈಗವಸು ಬಿಚ್ಚಿಸಿ, ಉಜ್ಜಿದ ಹಳಿಯ ಮೇಲೆ ಬೆರಳು ಆಡಿಸು ಎಂದ. ಅವಳು ಆಡಿಸಿ, "ಇಲ್ಲಿ ಒಂಚೂರು ತಗ್ಗಿದೆ" ಎಂದಳು. ಮುದುಕನ ಕಣ್ಣಿಗೂ ಕಾಣದ ತಗ್ಗು. ಉಕ್ಕಿನ ಪಟ್ಟಿ ಇಟ್ಟು ನೋಡಿದರೆ ಅವಳು ಹೇಳಿದಲ್ಲೇ ಇತ್ತು. ಅವತ್ತಿನಿಂದ ಅವಳ ಸ್ವಂತ ಹೆಸರನ್ನು ಸಂಬಳದ ಪಟ್ಟಿಯೊಂದು ಬಿಟ್ಟು ಎಲ್ಲರೂ ಮರೆತರು. ಕೂದಲೆಳೆಯಲ್ಲಿ ಅರ್ಧದಷ್ಟು ಏರುತಗ್ಗನ್ನು ಬೆರಳಲ್ಲೇ ಹೇಳುವವಳು ಎಂದು ಬೇರೆ ಬೇರೆ ಮಾರ್ಗದವರೂ ಕರೆಸಿಕೊಳ್ಳುತ್ತಿದ್ದರು. ಬೆಸುಗೆ ಸರಿಯಿದೆ ಎಂದು ಒಪ್ಪಿಗೆಯ ಪುಸ್ತಕಕ್ಕೆ ಸಹಿ ಹಾಕುವ ಕೆಲಸ ತಾನಾಗಿಯೇ ಅವಳಿಗೆ ಬಂತು.

ಹೆದರುವವರೇ ಆ ಕೆಲಸಕ್ಕೆ ಸರಿ ಎಂದು ನನಗೂ ಅನ್ನಿಸುತ್ತದೆ. ಧೈರ್ಯವಂತರು ಒಂದು ಸಲ ನೋಡಿ ಎದ್ದುಬಿಡುತ್ತಾರೆ. ಬೀಗವನ್ನು ಎರಡು ಸಲ ಜಗ್ಗುವವಳು ಬೆಸುಗೆಯನ್ನು ಮೂರು ಸಲ ನೋಡುತ್ತಾಳೆ.

ಅಷ್ಟರಲ್ಲಿ ಹೊಸ ಮಾರ್ಗ ಬಂತು. ಗಂಟೆಗೆ ಮುನ್ನೂರ ಐವತ್ತು ಕಿಲೋಮೀಟರ್ ಓಡುವ ಗಾಡಿಗೆ ಹೊಸ ಹಳಿ. ಪತ್ರಿಕೆಯಲ್ಲಿ ಓದುವವರಿಗೆ ಗಾಡಿಯ ಮೂಗಿನ ಚಿತ್ರ ಕಂಡರೆ ಸಾಕು, ಕಟ್ಟುವವರ ಪಾಡು ಕಟ್ಟುವವರಿಗೆ. ಒಂದು ಕಡೆ ಮಣ್ಣು ಕುಸಿಯಿತು ಎಂದು ಇಡೀ ದಿಬ್ಬವನ್ನು ಕಿತ್ತು ಮತ್ತೆ ಹಾಕಿದರು. ತಿರುವು ಬಿಗಿಯಾಯಿತು ಎಂದು ಮಾರ್ಗವನ್ನೇ ಸರಿಸಿದರು. ಸದ್ದಾಗುತ್ತದೆ ಎಂದು ಅಕ್ಕಪಕ್ಕದ ಮನೆಯವರು ಜಗಳಕ್ಕೆ ಬಂದರು, ಅವರಿಗಾಗಿ ಗೋಡೆ ಎಬ್ಬಿಸಿದರು. ಗಾಡಿ ಸುರಂಗಕ್ಕೆ ನುಗ್ಗುವಾಗ ಕಿವಿ ಕಟ್ಟಿಕೊಳ್ಳುತ್ತದೆ ಎಂದು ಸುರಂಗದ ಬಾಯನ್ನೇ ಒಡೆದು ಅಗಲ ಮಾಡಿದರು. ಎಂಟು ವರ್ಷ ಹೀಗೆ ಒಂದರ ಹಿಂದೆ ಒಂದು. ಬೆಸುಗೆಯವರಿಗೆ ಬಂದ ಸಂಕಟವೇ ಬೇರೆ. ಹಳೆಯ ಮಾರ್ಗದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿಯಾದರೆ ಗಾಡಿ ಟಕ್ ಎಂದು ಹಾದುಹೋಗುತ್ತಿತ್ತು, ಕೇಳುವವರಿರಲಿಲ್ಲ. ಇಲ್ಲಿ ಅದರ ಅರ್ಧವೂ ಕೂಡದು. ಅದರಲ್ಲೂ ತಗ್ಗು ಮಾತ್ರ ಇರಲೇಕೂಡದು. ಉದ್ದುದ್ದದ ಹಳಿಗಳನ್ನು ಕಾರ್ಖಾನೆಯಲ್ಲೇ ಬೆಸೆದು ತರುತ್ತಿದ್ದರಿಂದ ಸ್ಥಳದಲ್ಲಿ ಬೆಸೆಯುವುದು ಕಡಿಮೆ. ಬೆರಳಕ್ಕನ ಪಾಲಿನ ಹದಿನಾಲ್ಕು ಕಿಲೋಮೀಟರಿನಲ್ಲಿ ಒಟ್ಟು ಇನ್ನೂರ ಹನ್ನೆರಡು ಬೆಸುಗೆ, ಇನ್ನೂರ ಹನ್ನೆರಡಕ್ಕೂ ಅವಳದೇ ಸಹಿ.

ಬೆಸುಗೆಯವರಲ್ಲಿ ಮುದುಕ ಮೇಸ್ತ್ರಿಯ ಕಾಲದಿಂದ ಒಂದು ಪದ್ಧತಿ. ಹೊಸ ಮಾರ್ಗದಲ್ಲಿ ಗಾಡಿ ಮೊದಲ ಸಲ ಪೂರ್ತಿ ವೇಗದಲ್ಲಿ ಓಡುವ ದಿನ, ಬೆಸುಗೆಗೆ ಸಹಿ ಹಾಕಿದವರು ಆ ಗಾಡಿಯಲ್ಲಿ ಕೂರಬೇಕು. 'ಸಹಿಯ ಮೇಲೆ ಕೂರುವುದು' ಎಂದೇ ಅದಕ್ಕೆ ಹೆಸರು. ಕಾನೂನಿನ ಪುಸ್ತಕದಲ್ಲಿ ಇಲ್ಲದಿದ್ದರೂ ತಪ್ಪಿಸಿದವರಿಲ್ಲ. ಬೆರಳಕ್ಕ ಇಷ್ಟು ವರ್ಷ ರಿಪೇರಿಯಲ್ಲೇ ಇದ್ದವಳು, ಅವಳಿಗೆ ಆ ಸರದಿ ಬಂದಿರಲಿಲ್ಲ. ಈಗ ಬಂದಿತ್ತು. ಓಟದ ದಿನ ಗೊತ್ತಾದಂದಿನಿಂದ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಹೊಟ್ಟೆನೋವು, ಕಿವಿನೋವು, ಸೊಂಟನೋವು ಎಂದು ಮೂರು ಸಲ ತಪ್ಪಿಸಿಕೊಳ್ಳಲು ನೋಡಿದಳು. ಗ್ರೈಂಡರ್ ಹಿಡಿಯುವವನಿಗೆ ಕಿಡಿ ಎಂದೇ ಹೆಸರು. ಅವಳ ಜೊತೆ ಹತ್ತು ವರ್ಷ ದುಡಿದ ಆ ಬಾಯಿಬಡುಕ, "ಅಕ್ಕಾ, ಇನ್ನು ಉಳಿದಿರೋದು ಹಲ್ಲುನೋವು ಒಂದೇ. ಅದನ್ನ ಓಟದ ದಿನಕ್ಕೆ ಇಟ್ಕೋ" ಎಂದು ಎಲ್ಲರ ಮುಂದೆ ಹೇಳಿ ನಗಿಸಿದ್ದ.

ಓಟದ ಹಿಂದಿನ ಸಂಜೆ ಬೆರಳಕ್ಕ ಅಡುಗೆಮನೆಯಲ್ಲಿ ತಟ್ಟೆ ಹಾಕುತ್ತಿದ್ದಳು. ಮಗಳು ಕೆಲಸದಿಂದ ಬಂದು, ಶೂ ಕಳಚುತ್ತಲೇ ಮಾತು ಶುರು ಮಾಡಿದಳು. ಅವಳು ಅದೇ ಮಾರ್ಗದಲ್ಲಿ ಎಂಜಿನಿಯರು. ಪರೀಕ್ಷೆಯ ಗಾಡಿಗೆ ಜೋಡಿಸಿದ ಅಳತೆಯ ಬೋಗಿಯಲ್ಲಿ ಕೂತು, ಗಾಡಿ ಎಲ್ಲೆಲ್ಲಿ ಎಷ್ಟು ಅದುರುತ್ತದೆ ಎಂದು ಪರದೆಯ ಮೇಲೆ ನೋಡುವುದು ಅವಳ ಕೆಲಸ. ಅಮ್ಮನ ಪುಕ್ಕಲು ಅವಳಿಗೆ ಒಂದಿಷ್ಟೂ ಬಂದಿರಲಿಲ್ಲ. ವಾರದಿಂದ ದಿನಕ್ಕಿಷ್ಟು ವೇಗ ಏರಿಸುತ್ತ ಬಂದಿದ್ದರು: ಇನ್ನೂರು, ಇನ್ನೂರ ನಲವತ್ತು, ಇನ್ನೂರ ಎಂಬತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ಮುನ್ನೂರ ಐವತ್ತು.

"ಲೋಟದಲ್ಲಿ ನೀರಿಟ್ರೆ ಅಲ್ಲಾಡಲ್ಲಮ್ಮ, ಅಷ್ಟು ಚೆನ್ನಾಗಿ ಹೋಗುತ್ತೆ" ಎಂದಳು ಮಗಳು ಊಟಕ್ಕೆ ಕೂತು. "ಒಂದೇ ಒಂದು ಕಡೆ ಟಣ್ ಅಂತ ಒದೆಯುತ್ತೆ. ಹೊಳೆ ಸೇತುವೆಗೆ ಸ್ವಲ್ಪ ಮುಂಚೆ. ಇನ್ನೂರರಲ್ಲಿ ಗೆರೆ ಇಷ್ಟೇ ಎದ್ದಿತ್ತು, ಇವತ್ತು ಇಷ್ಟು." ಅವಳು ಬೆರಳುಗಳ ನಡುವೆ ಅಂತರ ಮಾಡಿ ತೋರಿಸಿದಳು. "ಮಣ್ಣಿನಿಂದ ಸೇತುವೆಗೆ ಹತ್ತೋ ಕಡೆ ಎಲ್ಲಾ ಮಾರ್ಗದಲ್ಲೂ ಹಂಗೇ ಅಂತೆ. ಆಫೀಸಲ್ಲಿ ಗೆರೆ ಸಾಹೇಬ್ರು ಹೇಳಿದ್ರು."

"ಸೇತುವೆಗೆ ಎಷ್ಟು ಮುಂಚೆ?"

"ಎಷ್ಟೋಪ್ಪ. ನಲವತ್ತು ಮೀಟರ್ ಇರಬಹುದು. ಯಾಕೆ?"

ಬೆರಳಕ್ಕ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟಳು. ಸೇತುವೆಗೆ ನಲವತ್ತು ಮೀಟರ್ ಮುಂಚೆ ಇರುವುದು ಎಂಬತ್ತೆಂಟನೆಯ ಬೆಸುಗೆ. ಅವಳು ಕೈ ತೊಳೆದುಕೊಂಡು, ಕೋಣೆಗೆ ಹೋಗಿ, ತನ್ನ ಸ್ವಂತ ನೋಟುಪುಸ್ತಕ ತೆಗೆದಳು. ಲೋಹ ಸುರಿದದ್ದು ಹನ್ನೊಂದು ಹತ್ತಕ್ಕೆ. ಉಜ್ಜಿ ಅಳೆದದ್ದು ಹನ್ನೊಂದು ಐವತ್ತಕ್ಕೆ. ಏರುತಗ್ಗು: ಸೊನ್ನೆ.

ಆ ದಿನ ಪೂರ್ತಿ ನೆನಪಾಯಿತು. ಹಿಂದೆ ವಿದ್ಯುತ್ ತಂತಿ ಎಳೆಯುವವರ ಗಾಡಿ ನಿಂತು ಹಾರನ್ ಬಾರಿಸುತ್ತಿತ್ತು. ಕಿಡಿ ಉಜ್ಜಿ ಮುಗಿಸಿದ. ಅವಳು ಒಂದು ಮೀಟರ್ ಉದ್ದದ ಉಕ್ಕಿನ ಪಟ್ಟಿಯನ್ನು ಹಳಿಯ ಮೇಲೆ ಇಟ್ಟು, ಅದರ ಅಡಿಗೆ ಸಂದು ಅಳೆಯುವ ಫೀಲರಿನ, ಒಂದಕ್ಕಿಂತ ಒಂದು ದಪ್ಪದ ತೆಳ್ಳನೆಯ ಉಕ್ಕಿನ ಎಲೆಗಳನ್ನು ತೂರಿಸಲು ನೋಡಿದಳು. ಎಲ್ಲಕ್ಕಿಂತ ತೆಳುವಾದ ಎಲೆಯೂ ಒಳಗೆ ಹೋಗಲಿಲ್ಲ. ಇಷ್ಟು ಸಮವಾದ ಬೆಸುಗೆ ಸಿಕ್ಕಿತಲ್ಲ ಎಂದು ಖುಷಿಯೇ ಆಗಿತ್ತು. ಹಳಿ ಇನ್ನೂ ಬಿಸಿಯಿತ್ತು, ಚಹಾ ಕುಡಿದಿಟ್ಟ ಲೋಟದಷ್ಟು. ಬಿಸಿ ಬೆಸುಗೆ ಆರಿದಾಗ ಕುಗ್ಗುತ್ತದೆ. ಬಿಸಿಯಲ್ಲಿ ಕೊಂಚ ಉಬ್ಬಿದ್ದರೆ ಆರಿದ ಮೇಲೆ ಸಮವಾಗುತ್ತದೆ. ಬಿಸಿಯಲ್ಲೇ ಸಮವಿದ್ದರೆ ಆರಿದ ಮೇಲೆ ತಗ್ಗಾಗುತ್ತದೆ. ಇದು ಆ ಕೆಲಸದವರಿಗೆ ಮೊದಲನೆಯ ಪಾಠ. ಹಳೆಯ ಮಾರ್ಗದಲ್ಲಿ ಆ ತಗ್ಗು ಲೆಕ್ಕಕ್ಕಿಲ್ಲದ್ದು, ಅಲ್ಲಿ ಎಷ್ಟೋ ಸಲ ಹೀಗೇ ಅಳೆದು ಮುಂದಕ್ಕೆ ಹೋಗಿದ್ದಳು. ಆ ಅಭ್ಯಾಸವೇ ಹೊಸ ಮಾರ್ಗಕ್ಕೂ ಅವಳ ಜೊತೆ ನಡೆದು ಬಂದಿತ್ತು.

ಇಂಥ ತಪ್ಪಿಗೆಂದೇ ಹೊಸ ಮಾರ್ಗದಲ್ಲಿ ಎರಡನೆಯ ಅಳತೆ ಇಟ್ಟಿದ್ದರು, ಮಾರನೆಯ ದಿನ, ಹಳಿ ಪೂರ್ತಿ ತಣ್ಣಗಾದ ಮೇಲೆ. ಅಳತೆಯ ಜೊತೆಗೆ ಯಾವ ಪಟ್ಟಿಯಲ್ಲಿ ಅಳೆದರು ಎಂದು ಪಟ್ಟಿಯ ನಂಬರನ್ನೂ ಬರೆಯಬೇಕು. ಬೆರಳಕ್ಕ ಪುಟದ ಎರಡನೆಯ ಸಾಲು ನೋಡಿದಳು. ಏರುತಗ್ಗು: ಸೊನ್ನೆ. ಪಟ್ಟಿಯ ನಂಬರ್ ಇರುವಲ್ಲಿ ಒಂದು ಅಡ್ಡಗೀಟು.

ಪಟ್ಟಿಯನ್ನು ಅವತ್ತು ಇನ್ನೊಂದು ಗುಂಪಿನವರು ಒಯ್ದಿದ್ದರು, ಮೂರು ಕಿಲೋಮೀಟರ್ ಆಚೆ. ತರಿಸೋಣವೇ ಎಂದು ಅವಳು ಕೇಳಿದ್ದಳು. "ನಿನ್ನ ಬೆರಳಿರುವಾಗ ಪಟ್ಟಿ ಯಾಕಕ್ಕಾ, ಅದನ್ನ ನಂಬದವರು ಯಾರಿದಾರೆ?" ಎಂದಿದ್ದ ಕಿಡಿ. ಅವಳೂ ನಂಬಿದ್ದಳು. ಕೈಗವಸು ತೆಗೆದು ಬೆರಳು ಆಡಿಸಿದಳು, ಗಾಜಿನಂತಿತ್ತು, ಸೊನ್ನೆ ಎಂದು ಬರೆಸಿದಳು. ಒಪ್ಪಿಗೆಯ ಪುಸ್ತಕದಲ್ಲೂ ಅದೇ ಅಡ್ಡಗೀಟು, ಆಫೀಸಿನಲ್ಲಿ ಅದನ್ನು ಯಾರೂ ಕೇಳಲಿಲ್ಲ. ಬೆರಳಕ್ಕನ ಸಹಿ ಇದ್ದಲ್ಲಿ ಯಾರೂ ಏನನ್ನೂ ಕೇಳುತ್ತಿರಲಿಲ್ಲ.

ಹಾಗಾದರೆ ಬೆರಳಿಗೆ ಸಿಗದ ತಗ್ಗು ಗಾಡಿಗೆ ಸಿಕ್ಕಿದ್ದು ಹೇಗೆ? ನಿಜಕ್ಕೂ ಸೇತುವೆಯದೇ ಇರಬೇಕು. ಹೀಗೆ ಅವಳು ತನಗೆ ತಾನೇ ಹೇಳಿಕೊಂಡಳು, ಎರಡು ಮೂರು ಸಲ ಹೇಳಿಕೊಂಡಳು. ಆದರೂ ಕಣ್ಣು ತನ್ನ ಬಲಗೈಯ ಕಡೆಗೇ ಹೋಯಿತು. ಒಂದೆರಡು ವರ್ಷದಿಂದ ಚಳಿಯ ಬೆಳಿಗ್ಗೆ ಬಲಗೈಯ ಎರಡು ಬೆರಳು ಸುಣ್ಣದಂತೆ ಬಿಳಿಚಿಕೊಳ್ಳುತ್ತಿದ್ದವು. ಜುಮುಜುಮು ಎನ್ನುತ್ತಿದ್ದವು, ಉಜ್ಜಿಕೊಂಡರೆ ಬಣ್ಣ ಬರುತ್ತಿತ್ತು. ವಯಸ್ಸಾಯಿತು ಎಂದುಕೊಂಡಿದ್ದಳು. ಡಾಕ್ಟರಿಗೆ ತೋರಿಸಿರಲಿಲ್ಲ, ಸೂಜಿಯಿಂದ ಫೋನಿನವರೆಗೆ ಎಲ್ಲಕ್ಕೂ ಹೆದರುವವಳು ಅದೊಂದಕ್ಕೆ ಹೆದರಿರಲಿಲ್ಲ, ಅಥವಾ ಹೆದರಿ ಆ ಕಡೆ ನೋಡಿರಲೇ ಇಲ್ಲ.

ಅವಳು ಎದ್ದು ಬಂದು ಮಗಳ ಎದುರು ನಿಂತಳು. "ನಾಳೆ ನೀನು ಹೋಗಬೇಡ."

ಮಗಳು ನಕ್ಕಳು. "ಈ ಮಾತನ್ನ ನೀನು ನಾನು ಸ್ಕೂಲಿಗೆ ಹೊರಟಾಗಿಂದ ಹೇಳ್ತಾ ಇದೀಯ."

"ಅದು ಸೇತುವೆ ಅಲ್ಲ ಕಣೇ. ನನ್ನ ಬೆಸುಗೆ ಇರಬಹುದು. ಬಿಸಿ ಇರುವಾಗ ಅಳೆದಿದ್ದೆ."

"ಆರಿದ ಮೇಲೆ ನೋಡಿಲ್ವಾ?"

"ನೋಡಿದೆ. ಬೆರಳಲ್ಲಿ."

"ಮತ್ತೇನು? ನಿನ್ನ ಬೆರಳು ತಪ್ಪಿದ್ದು ನಾನಂತೂ ಕೇಳಿಲ್ಲ." ಮಗಳು ಎದ್ದು ಬಂದು ಅಮ್ಮನ ಭುಜ ಹಿಡಿದಳು. "ಅಮ್ಮಾ, ನಾಳೆ ಗಾಡಿ ಹತ್ತಬೇಕಲ್ಲ ಅಂತ ನಿನಗೆ ಭಯ. ಭಯಕ್ಕೆ ಏನೇನೋ ಕಾಣ್ತಾ ಇದೆ. ನನ್ನ ಬೋಗಿಯಲ್ಲೇ ಕೂತ್ಕೋ, ಕೈ ಹಿಡ್ಕೊಂಡಿರ್ತೀನಿ. ಹದಿನಾಲ್ಕು ಕಿಲೋಮೀಟರ್ ಎರಡೂವರೆ ನಿಮಿಷ ಅಷ್ಟೇ."

ಹಳೆಯ ಮಾರ್ಗವಾಗಿದ್ದರೆ ಬೆರಳಕ್ಕ ಆಗಲೇ ಪಟ್ಟಿ ಹಿಡಿದು ನಡೆದುಹೋಗಿ ಅಳೆದು ಬರುತ್ತಿದ್ದಳು. ಇಲ್ಲಿ ಎರಡೂ ಕಡೆ ಗೋಡೆ, ಗೇಟಿಗೆ ಬೀಗ, ಮೇಲೆ ತಂತಿಯಲ್ಲಿ ವಿದ್ಯುತ್ತು. ಪರೀಕ್ಷೆ ಶುರುವಾದಂದಿನಿಂದ ಹಳಿಯ ಹತ್ತಿರ ನರಪಿಳ್ಳೆಯನ್ನೂ ಬಿಡುತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿದಾಗಲೆಲ್ಲ ಪರದೆಯ ಮೇಲಿನ ಗೆರೆ ಎದ್ದು ನಿಲ್ಲುತ್ತಿತ್ತು, ಮಗಳು ಬೆರಳಲ್ಲಿ ತೋರಿಸಿದ್ದಕ್ಕಿಂತ ದೊಡ್ಡದಾಗಿ. ಬೆಳಗಾಗುವುದನ್ನೇ ಕಾದು, ಏಳಕ್ಕೆ ಮೊದಲೇ ಆಫೀಸಿನ ಬಾಗಿಲಲ್ಲಿ ನಿಂತಳು.

ಗೆರೆ ಸಾಹೇಬರು ಆ ಭಾಗದ ಹಿರಿಯ ಎಂಜಿನಿಯರು. ಎಷ್ಟು ಧೂಳಿನಲ್ಲಿ ಓಡಾಡಿದರೂ ಪ್ಯಾಂಟಿನ ಇಸ್ತ್ರಿಯ ಗೆರೆ ಕೆಡದ ಮನುಷ್ಯ, ಅದಕ್ಕೇ ಆ ಹೆಸರು. ಒಳ್ಳೆಯವರೇ. ಆದರೆ ಅವತ್ತು ಒಂದು ಕಿವಿಗೆ ಒಂದು ಫೋನು, ಇನ್ನೊಂದು ಕಿವಿಗೆ ಇನ್ನೊಂದು. ಎಂಟು ವರ್ಷದ ಕೆಲಸವನ್ನು ನೋಡಲು ದೊಡ್ಡವರೆಲ್ಲ ಬರುವ ದಿನ. ಬೆರಳಕ್ಕ ಹೇಳಿದ್ದನ್ನು ಅರ್ಧ ಕೇಳಿ, "ಸೇತುವೆಯದು ಅದು. ನಾವು ಲೆಕ್ಕ ಹಾಕಿ ನೋಡಿದೀವಿ" ಎಂದರು.

"ಸೇತುವೆಯದಾದ್ರೆ ಸೇತುವೆಯ ಬಾಯಲ್ಲಿ ಒದೀಬೇಕಲ್ವಾ ಸಾರ್? ನಲವತ್ತು ಮೀಟರ್ ಮುಂಚೆ ಯಾಕೆ?"

"ಗಾಡಿಯ ವೇಗಕ್ಕೆ ಜಾಗದ ಲೆಕ್ಕ ಅಷ್ಟಿಷ್ಟು ಹಿಂದೆಮುಂದೆ ಆಗುತ್ತೆ." ಸಾಹೇಬರು ಫೋನು ಕೆಳಗಿಟ್ಟು ಅವಳ ಮುಖ ನೋಡಿದರು, ಮೆತ್ತಗೆ ನಕ್ಕರು. "ಅಕ್ಕಾ, ನಿಮಗೆ ಹತ್ತೋಕೆ ಭಯ ಆದ್ರೆ ನೇರವಾಗಿ ಹೇಳಿ. ನಾನು ಬಲವಂತ ಮಾಡಲ್ಲ. ಯಾರೂ ಏನೂ ಅಂದ್ಕೊಳ್ಳಲ್ಲ."

ಬಾಗಿಲ ಬಳಿ ಚಹಾ ಕುಡಿಯುತ್ತಿದ್ದ ಕಿಡಿ, "ಹಲ್ಲುನೋವು ಬಂತಾ ಅಕ್ಕಾ?" ಎಂದ.

ಅವಳ ಕಣ್ಣಲ್ಲಿ ನೀರು ಬಂತು. ಇಪ್ಪತ್ತೇಳು ವರ್ಷ ಎಲ್ಲದಕ್ಕೂ ಹೆದರಿ ಹೆದರಿ, ಹೆದರಲೇಬೇಕಾದ ದಿನ ಅವಳ ಹೆದರಿಕೆಗೆ ಕಿಲುಬು ಕಾಸಿನ ಬೆಲೆ ಇರಲಿಲ್ಲ. ಅಷ್ಟರಲ್ಲಿ ಕಿಟಕಿಯಾಚೆ ಪರೀಕ್ಷೆಯ ಗಾಡಿ ಸದ್ದಿಲ್ಲದೆ ಬಂದು ನಿಂತಿತು. ಮಗಳು ಕೈಯಲ್ಲಿ ಫೈಲು ಹಿಡಿದು, ಯಾರದೋ ಮಾತಿಗೆ ನಗುತ್ತ, ಅಳತೆಯ ಬೋಗಿಯ ಮೆಟ್ಟಿಲು ಹತ್ತಿ ಒಳಗೆ ಹೋದಳು.

"ಒಪ್ಪಿಗೆ ಪುಸ್ತಕ ಕೊಡಿ ಸಾರ್" ಎಂದಳು ಬೆರಳಕ್ಕ.

"ಯಾಕೆ?"

"ಕೊಡಿ."

ಆ ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚಾಗಿದ್ದ ಒಂದು ನಿಯಮವನ್ನು ಅಲ್ಲಿಯವರೆಗೆ ಯಾರೂ ಬಳಸಿರಲಿಲ್ಲ. ಒಪ್ಪಿಗೆ ನೀಡಿದವರು ಗಾಡಿ ಹೊರಡುವ ಮುನ್ನ ಯಾವುದೇ ಸಮಯದಲ್ಲಿ ಅದನ್ನು ಹಿಂತೆಗೆದುಕೊಳ್ಳಬಹುದು. ಕಾರಣವನ್ನು ಸ್ವಹಸ್ತದಿಂದ ಬರೆಯತಕ್ಕದ್ದು. ಬೆರಳಕ್ಕ ನಿಂತುಕೊಂಡೇ ಬರೆದಳು. ಪೆನ್ನು ಒಂದು ಸಲ ಬೆರಳಿನಿಂದ ಜಾರಿ ಕೆಳಗೆ ಬಿತ್ತು, ಎತ್ತಿಕೊಂಡಳು. ಎಂಬತ್ತೆಂಟನೆಯ ಬೆಸುಗೆಯನ್ನು ಬಿಸಿ ಇರುವಾಗ ಅಳೆದೆ. ಮಾರನೆಯ ದಿನ ಪಟ್ಟಿ ಇಡಲಿಲ್ಲ. ಬೆರಳಿನಿಂದ ನೋಡಿ ಸೊನ್ನೆ ಎಂದು ಬರೆಸಿದೆ. ನನ್ನ ಒಪ್ಪಿಗೆ ವಾಪಸ್. ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.

ಸಾಹೇಬರು ಓದಿದರು. ಅವರ ಮುಖದ ನಗು ಇಳಿದುಹೋಯಿತು. "ಇದನ್ನ ಬರೆದ ಮೇಲೆ ನಿಮ್ಮನ್ನ ಯಾರೂ ಉಳಿಸೋಕೆ ಆಗಲ್ಲ. ಅಲ್ಲಿ ತಗ್ಗು ಇದ್ರೂ ನಿಮ್ಮ ತಪ್ಪು, ಇಲ್ಲದೇ ಇದ್ರೂ ನಿಮ್ಮ ತಪ್ಪು. ಗೊತ್ತಿದೆಯಾ?"

"ಗೊತ್ತು ಸಾರ್. ಅಳೆದು ನೋಡಿ. ಸರಿ ಇದ್ರೆ ನಾನೇ ಹತ್ತಿ ಮೊದಲನೇ ಸೀಟಲ್ಲಿ ಕೂರ್ತೀನಿ."

ಗಾಡಿ ಹೊರಡಲಿಲ್ಲ. ಹತ್ತು ಗಂಟೆಯ ಓಟ ಮುಂದಕ್ಕೆ ಹೋಯಿತು ಎಂದು ಫೋನುಗಳಲ್ಲಿ ಹೇಳುವಾಗ ಸಾಹೇಬರ ಧ್ವನಿ ಕುಗ್ಗಿತ್ತು. ಮಗಳು ಬೋಗಿಯಿಂದ ಇಳಿದು ದುಸುಮುಸು ಎನ್ನುತ್ತ ಬಂದಳು. "ಏನಮ್ಮ ಇದು? ಎಷ್ಟು ಜನ ಕಾಯ್ತಿದಾರೆ ಗೊತ್ತಾ? ನನ್ನ ಮಾನ ತೆಗೆದುಬಿಟ್ಟೆ" ಎಂದಳು ತಗ್ಗಿದ ದನಿಯಲ್ಲಿ. ತಂತಿಯ ವಿದ್ಯುತ್ತನ್ನು ತೆಗೆಸಿ, ಚಿಕ್ಕ ಮೋಟಾರು ಟ್ರಾಲಿಯಲ್ಲಿ ನಾಲ್ವರೂ ಸೇತುವೆಯ ಕಡೆಗೆ ಹೊರಟರು: ಸಾಹೇಬರು, ಕಿಡಿ, ತಾಯಿ, ಮಗಳು. ದಾರಿಯಲ್ಲಿ ಒಂದು ಕ್ಷಣ ಬೆರಳಕ್ಕನಿಗೆ, ತಗ್ಗು ಇಲ್ಲದಿದ್ದರೆ ಈ ಮುಖ ಎಲ್ಲಿಟ್ಟುಕೊಳ್ಳಲಿ ಎನ್ನಿಸಿತು; ಇನ್ನೊಂದು ಕ್ಷಣ, ದೇವರೇ, ಇಲ್ಲದೇ ಇರಲಿ ಎನ್ನಿಸಿತು.

ಎಂಬತ್ತೆಂಟು ಎಂದು ಹಳಿಯ ಪಕ್ಕದಲ್ಲಿ ಬಿಳಿ ಬಣ್ಣದಲ್ಲಿ ಬರೆದಿತ್ತು. ಮೇಲಿನ ಮೈ ಗಾಡಿ ಓಡಿ ಫಳಫಳ ಹೊಳೆಯುತ್ತಿತ್ತು. ಕಣ್ಣಿಗೆ ಏನೂ ಕಾಣದು.

"ಮೊದಲು ನೀವೇ ನೋಡಿ" ಎಂದರು ಸಾಹೇಬರು.

ಬೆರಳಕ್ಕ ಮಂಡಿಯೂರಿ, ಕೈಗವಸು ತೆಗೆದು, ಅಂಗೈಯಿಂದ ಹಳಿ ಒರೆಸಿದಳು. ಕಣ್ಣು ಮುಚ್ಚಿ ಬೆರಳು ಆಡಿಸಿದಳು, ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ. ಗಾಜು. ಎಲ್ಲೂ ಏನೂ ಇಲ್ಲ. ಅವಳು ಉಸಿರು ಬಿಟ್ಟಳು. ಹಿಂದಿನ ಸಂಜೆಯಿಂದ ಹಿಡಿದಿಟ್ಟಿದ್ದ ಉಸಿರದು. "ಸಮ ಇದೆ" ಎಂದಳು. ಹೇಳುವಾಗ ಅಳುವೂ ನಗುವೂ ಒಟ್ಟಿಗೇ ಬಂದವು.

"ನಾನು ಹೇಳ್ಲಿಲ್ವಾ?" ಎಂದಳು ಮಗಳು. ಕಿಡಿ ತಲೆ ಕೆರೆದುಕೊಂಡು ಸಾಹೇಬರ ಕಡೆ ನೋಡಿದ. ಸಾಹೇಬರು ಗಡಿಯಾರ ನೋಡಿಕೊಂಡರು. "ಬಂದಿದ್ದಾಯ್ತಲ್ಲ, ಪಟ್ಟಿಯನ್ನೂ ಇಟ್ಟುಬಿಡು" ಎಂದರು ಕಿಡಿಗೆ.

ಕಿಡಿ ಪಟ್ಟಿ ಇಟ್ಟ. ಫೀಲರಿನ ತೆಳು ಎಲೆಯನ್ನು ಅಡಿಗೆ ತೂರಿಸಿದ, ಅದು ಸುಯ್ ಎಂದು ಒಳಗೆ ಹೋಯಿತು. ಅದನ್ನು ತೆಗೆದು ದಪ್ಪದ ಎಲೆ ಹಿಡಿದ, ಅದೂ ಹೋಯಿತು. ಇನ್ನೂ ದಪ್ಪದ್ದು ಹಿಡಿದ. ಮುಕ್ಕಾಲು ಬೆರಳುದ್ದ ಹೋಗಿ, ಆಚೆ ಬದಿಯಿಂದ ಹೊರಗೆ ತುದಿ ಕಾಣಿಸಿತು.

"ಎಷ್ಟು?" ಎಂದರು ಸಾಹೇಬರು.

"ಅರ್ಧ ಮಿಲಿಮೀಟರ್ ಸಾರ್" ಎಂದ ಕಿಡಿ. ಅವನ ಬಾಯಲ್ಲಿ ತಮಾಷೆ ಉಳಿದಿರಲಿಲ್ಲ. ಪಟ್ಟಿ ಎತ್ತಿ, ತನ್ನ ಹೆಬ್ಬೆರಳನ್ನು ಹಳಿಯ ಮೇಲೆ ಎಳೆದು ನೋಡಿದ. "ಇದೆ ಸಾರ್. ನನ್ನ ಬೆರಳಿಗೇ ಸಿಗ್ತಾ ಇದೆ."

ಮಗಳು ಬಗ್ಗಿ ತಾನೂ ಬೆರಳಿಟ್ಟಳು. ಅವಳ ಮುಖ ನೋಡುತ್ತ ನೋಡುತ್ತ ಬಿಳಿಚಿಕೊಂಡಿತು. "ಇನ್ನೂರ ಎಂಬತ್ತರಲ್ಲಿ ಮೂರು ಸಲ ಹೋದೆ ಇದರ ಮೇಲೆ" ಎಂದಳು, ಯಾರಿಗೂ ಅಲ್ಲದ ಹಾಗೆ. ಮುನ್ನೂರ ಐವತ್ತರಲ್ಲಿ ಏನಾಗುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಏನೂ ಆಗದೆಯೂ ಇರಬಹುದಿತ್ತು. ಬೆಸುಗೆ ಬಿರಿದು ಹಳಿ ಬಾಯಿ ಬಿಡಲೂಬಹುದಿತ್ತು. ಅದನ್ನು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

ಬೆರಳಕ್ಕ ಮತ್ತೆ ಹಳಿಯ ಮೇಲೆ ಬೆರಳಿಟ್ಟಳು, ಈ ಸಲ ಒತ್ತಿ ಎಳೆದಳು. ಎಲೆ ನುಸುಳಿದ ಜಾಗವನ್ನು ಕಣ್ಣಾರೆ ಕಂಡಿದ್ದಳು, ಅದೇ ಜಾಗ. ಗಾಜು. ಇನ್ನೊಂದು ಬೆರಳು ಆಡಿಸಿದಳು. ಅದೂ ಗಾಜು. ರೈಲಿಗೆ ಹೆದರಿದ್ದಳು, ಗಾಳಿಗೆ ಹೆದರಿದ್ದಳು, ಫೋನಿಗೆ, ಬೀಗಕ್ಕೆ ಹೆದರಿದ್ದಳು. ಇಂಥ ಹೆದರಿಕೆ ಅವಳಿಗೆ ಗೊತ್ತೇ ಇರಲಿಲ್ಲ.

"ಬರೀ ಬೆರಳಲ್ಲಿ ನೋಡಿ ಒಪ್ಪಿದ್ದು ಇದೊಂದೇನಾ?" ಎಂದರು ಸಾಹೇಬರು.

ಅವಳು ತಲೆಯಾಡಿಸಿದಳು, ಅಲ್ಲ ಎಂದು.

ಸಾಹೇಬರು ಟ್ರಾಲಿಯ ಮೇಲಿದ್ದ ಒಪ್ಪಿಗೆ ಪುಸ್ತಕ ತಂದು, ಮೊದಲನೆಯ ಪುಟದಿಂದ ಅಡ್ಡಗೀಟುಗಳನ್ನು ಎಣಿಸತೊಡಗಿದರು. ಎಣಿಸುವುದು ಗಟ್ಟಿಯಾಗಿಯೇ ಇತ್ತು: ನಾಲ್ಕು, ಐದು, ಆರು. ಕಿಡಿ ಬಂದು ಅವರ ಭುಜದ ಪಕ್ಕದಿಂದ ಇಣುಕಿದ. ಬೆರಳಕ್ಕ ಹಳಿಯನ್ನೇ ನೋಡುತ್ತ ನಿಂತಳು. ಅದು ಸೇತುವೆ ದಾಟಿ, ದಿಬ್ಬ ಹತ್ತಿ, ಕಣ್ಣು ಹೋಗುವವರೆಗೂ ಹೊಳೆಯುತ್ತ ಹೋಗಿತ್ತು. ಹನ್ನೊಂದು, ಹನ್ನೆರಡು. ಯಾವ ಪುಟದ ಗೀಟು ಎಲ್ಲಿಯ ಬೆಸುಗೆಯದು ಎಂದು ಅವಳು ನೆನಪು ಮಾಡಿಕೊಳ್ಳಲು ನೋಡುತ್ತಿದ್ದಳು. ತಿರುವಿನಲ್ಲಿ ಒಂದು. ಸುರಂಗದ ಬಾಯಲ್ಲಿ ಎರಡು. ಹತ್ತೊಂಬತ್ತು, ಇಪ್ಪತ್ತು.

ಪಕ್ಕದಲ್ಲಿ ನಿಂತ ಮಗಳು ಅವಳ ಬಲಗೈ ಹಿಡಿದುಕೊಂಡಿದ್ದಳು. ಅದು ಅಮ್ಮನಿಗೆ ಗೊತ್ತಿತ್ತು, ಮಣಿಕಟ್ಟಿನ ಬಳಿ ಮಗಳ ಅಂಗೈ ಬೆಚ್ಚಗಿತ್ತು.

"ಅಮ್ಮಾ" ಎಂದಳು ಮಗಳು. ಅವಳ ದನಿ ಸಣ್ಣದಾಗಿತ್ತು. "ನೋವಾಗ್ತಿಲ್ವಾ?"

"ಏನು?" ಎಂದು ಬೆರಳಕ್ಕ ತಿರುಗಿ ನೋಡಿದಳು. ಮಗಳು ಅವಳ ತೋರುಬೆರಳಿನ ತುದಿಗೆ ತನ್ನ ಹೆಬ್ಬೆರಳಿನ ಉಗುರನ್ನು ಬಲವಾಗಿ ಒತ್ತಿ ಹಿಡಿದಿದ್ದಳು. ಉಗುರು ಚರ್ಮದೊಳಕ್ಕೆ ಇಳಿದಿತ್ತು.